ಮಾರುವವನ ವಂಶ ವಿಚಾರಿಸಿ ಮರಿ ತಂದದ್ದು

ನಾಯಿಮರಿ ತರಲು ಹೊರಟ ನನಗೆ ಹೆಂಡತಿ ಒಂದೇ ಒಂದು ಮಾತು ಹೇಳಿ ಕಳಿಸಿದ್ದಳು. ಎರಡು ಹೇಳಿದ್ದರೆ ಒಂದು ಮರೆತುಹೋಯಿತು ಎನ್ನಬಹುದಿತ್ತು.

"ಅಪ್ಪ-ಅಮ್ಮನ ಕಾಗದ ನೋಡದೇ ಮರಿ ಮುಟ್ಟಡಿ" ಎಂದಿದ್ದಳು. ಮರಿಯ ವಂಶದ ದಾಖಲೆ ಕಾಣದೆ ಅದನ್ನು ಮುಟ್ಟಬೇಡಿ ಎಂದು.

ಅದಕ್ಕೆ ಕಾರಣವಿತ್ತು. ಯಲ್ಲಾಪುರದ ಕಡೆಯ ಅವಳ ತವರಿನಲ್ಲಿ ಹಿಂದೆ ಒಂದು ಲ್ಯಾಬ್ರಡಾರ್ ಇತ್ತು. ಯಾರೋ ಕೊಟ್ಟರು, ಇವರು ತಂದರು. ಮೂರು ವರ್ಷ ತುಂಬುವುದರೊಳಗೆ ಅದರ ಸೊಂಟದ ಕೀಲು ಸವೆದು ಹಿಂಗಾಲು ಸೋತವು. ಹೊಟ್ಟೆಯಡಿ ಟವೆಲು ಕೊಟ್ಟು ಎತ್ತಿ ದಿನಕ್ಕೆ ನಾಲ್ಕು ಸಲ ಅಂಗಳಕ್ಕೆ ಒಯ್ಯುವ ಕೆಲಸ ಇವಳದಾಯಿತು, ಅದು ಸಾಯುವವರೆಗೂ. ಈ ಕತೆಯನ್ನು ಅವಳು ನನಗೆ ಒಮ್ಮೆ ಮಾತ್ರ ಹೇಳಿದ್ದಾಳೆ. ನಾಯಿ ಸಾಕೋಣ ಎಂದಾಗಲೆಲ್ಲ ಬೇಡ ಎನ್ನುತ್ತಿದ್ದವಳು ಹತ್ತು ವರ್ಷದ ಮೇಲೆ ಈ ಒಂದು ಕರಾರಿನ ಮೇಲೆ ಒಪ್ಪಿದ್ದಳು. ಇನ್ನೊಂದು ಅಂಥ ನಾಯಿಯನ್ನು ನೋಡುವ ಶಕ್ತಿ ಅವಳಿಗಿರಲಿಲ್ಲ.

ಕಾಗದ ನೋಡುವ ಕೆಲಸಕ್ಕೆ ಇಡೀ ಶಿರಸಿಯಲ್ಲಿ ನನಗಿಂತ ಲಾಯಕ್ಕಾದವನಿಲ್ಲ ಎಂದು ನಾನು ನಂಬಿದ್ದೆ. ನಮ್ಮ ಮನೆತನದ ಹನ್ನೊಂದು ತಲೆಮಾರಿನ ವಂಶಾವಳಿ ಬರೆದವನು ನಾನು. ಅದು ಫ್ರೇಮು ಹಾಕಿಸಿಕೊಂಡು ಜಗಲಿಯಲ್ಲಿ ನೇತಾಡುತ್ತಿದೆ. ಬಂದ ನೆಂಟರು ಚಾ ಕುಡಿಯುವ ಮೊದಲು ಅದರ ಮುಂದೆ ನಿಲ್ಲಲೇಬೇಕು. ಬಳಗದಲ್ಲಿ ಯಾರದೇ ಮದುವೆ ಮಾತಾದರೂ ಗೋತ್ರ, ಅಜ್ಜನಮನೆ ಎಲ್ಲ ವಿಚಾರಿಸಲು ನನ್ನನ್ನೇ ಕರೆಯುತ್ತಾರೆ. ಎರಡು ಸಂಬಂಧ ನಾನೇ ಮುರಿದಿದ್ದೇನೆ. ಆ ಎರಡೂ ಮನೆಯವರು ಈಗಲೂ ನನ್ನ ಮುಖ ನೋಡುವುದಿಲ್ಲ.

ಮರಿ ಇದ್ದದ್ದು ಸಿದ್ದಾಪುರ ತಾಲೂಕಿನಲ್ಲಿ, ಬಿಳಗಿಯ ಹತ್ತಿರ. ಮಾರುವವನು ನನ್ನದೇ ವಯಸ್ಸಿನವನು. ಕಾಲು ತೊಳೆಯಲು ನೀರು ಕೊಟ್ಟು, "ಆಸ್ರಿಗೆ ಎಂತ ಅಡ್ಡಿಲ್ಲೆ?" ಎಂದು ಕುಡಿಯಲು ಏನಾಗಬಹುದೆಂದು ಕೇಳಿದ. ಕಷಾಯ ಬರುವುದರೊಳಗೆ "ನಿಂಗಳ ಬದಿಗೆ ಎಲ್ಲಾತು?" ಎಂದು ನನ್ನ ಊರು-ಮನೆ ವಿಚಾರಿಸಿದ.

ನಮ್ಮ ಕಡೆ ಈ ಪ್ರಶ್ನೆ ಬಂತೆಂದರೆ ಬೇರೆ ಮಾತು ಮುಂದಕ್ಕೆ ಹೋಗುವುದಿಲ್ಲ. ಇಬ್ಬರ ನಡುವೆ ಎಲ್ಲಾದರೊಂದು ನೆಂಟಸ್ತಿಕೆ ಸಿಕ್ಕುವವರೆಗೆ ಅಗೆಯಲೇಬೇಕು. ನನಗಂತೂ ಅದು ಇಷ್ಟದ ಕೆಲಸ. ಅರ್ಧ ಗಂಟೆಯಲ್ಲಿ ಅವನ ಅಜ್ಜ, ಮುತ್ತಜ್ಜ, ಮುತ್ತಜ್ಜನ ಎರಡನೇ ಹೆಂಡತಿ ಎಲ್ಲರೂ ಹೊರಗೆ ಬಂದರು. ಕೊನೆಗೆ ಅವನ ತಾಯಿಯ ತವರು ದೊಡ್ಮನೆ ಎಂಬ ಊರು ಎಂದಾಯಿತು. ಆ ಮನೆಯ ಪಕ್ಕದ ಮನೆಗೇ ನನ್ನ ಚಿಕ್ಕಮ್ಮನನ್ನು ಕೊಟ್ಟದ್ದು.

"ಹಂಗಾರೆ ನಿಂಗ ಎಂಗೆ ಭಾವ ಆತು" ಎಂದು ಅವನು ಎದ್ದು ನಿಂತ. ಊಟಕ್ಕೆ ಎಲೆ ಬಿತ್ತು.

ಊಟವಾದ ಮೇಲೆ ಮರಿಯೊಂದು ಬಂದು ನನ್ನ ಪಂಚೆಯ ಅಂಚು ಕಚ್ಚಿ ಎಳೆಯಿತು. ಹೆಂಡತಿಯ ಮಾತು ನೆನಪಾಗಿ ಸಣ್ಣ ದನಿಯಲ್ಲಿ ಕಾಗದದ ವಿಷಯ ಎತ್ತಿದೆ.

"ಕಾಗದ ಎಲ್ಲ ಇದ್ದು ಭಾವ. ಆನು ಎಲ್ಲಿ ಇಟ್ಟಿದ್ದಿ ಹೇಳಿ ಹುಡುಕವು. ಕಳಸ್ತೆ."

ಎಲ್ಲಿಟ್ಟಿದ್ದಾನೋ ಹುಡುಕಿ ಕಳಿಸುತ್ತಾನಂತೆ. ಅವನ ಮನೆಯ ಮಾವಿನಕಾಯಿ ಅಪ್ಪೆಹುಳಿ ಬಡಿಸಿಕೊಂಡು ಎರಡು ಲೋಟ ಕುಡಿದವನು ಈಗಲೇ ಹುಡುಕು ಎಂದು ಹೇಗೆ ಹೇಳಲಿ? ಅವಸರವೇನೂ ಇಲ್ಲ ಎಂದೆ. ಅವನ ನಾಲ್ಕು ತಲೆಮಾರು ವಿಚಾರಿಸಿದವನು ಮರಿಯ ಬಗ್ಗೆ ಕೇಳಿದ್ದು ಒಂದೇ ಪ್ರಶ್ನೆ, ಅನ್ನ ತಿನ್ನುತ್ತದೆಯೇ ಎಂದು.

ಮರಿ ಹಿಡಿದು ಮನೆಗೆ ಬಂದೊಡನೆ ಹೆಂಡತಿ ಕಾಗದ ಕೇಳಿದಳು. "ಕಳಸ್ತನಡ. ಅಂವ ನಮ್ಮ ಪೈಕಿಯವ್ನೇಯ" ಎಂದೆ.

"ಅಂವ ನಮ್ಮ ಪೈಕಿ. ನಾಯಿ ಯಾರ ಪೈಕಿ?"

ಅಷ್ಟರಲ್ಲಿ ಮರಿ ಅವಳ ಮಡಿಲು ಹತ್ತಿ ನಿದ್ದೆ ಹೋಗಿತ್ತು, ಅವಳೂ ಮತ್ತೆ ಕೇಳಲಿಲ್ಲ.

ಐದಾರು ತಿಂಗಳಾಗುವಾಗ ಅದು ಎರಡೂ ಹಿಂಗಾಲು ಕೂಡಿಸಿಕೊಂಡು ಮೊಲದ ಹಾಗೆ ಕುಪ್ಪಳಿಸಿ ಓಡತೊಡಗಿತು. ನೋಡಿ, ಎಂಥ ಚುರುಕು ಎಂದು ನಾನು ಬೀದಿಯವರಿಗೆಲ್ಲ ತೋರಿಸಿದೆ. ಆಮೇಲೆ ಒಂದು ದಿನ ಅದು ಮೆಟ್ಟಿಲ ಬುಡದಲ್ಲಿ ಕೂತು ನನ್ನನ್ನೇ ನೋಡಿತು, ಹತ್ತಲಿಲ್ಲ. ಹೆಂಡತಿಯ ತವರಿನ ನಾಯಿಯ ಕತೆ ನೆನಪಾಯಿತು. ಹುಳದ ಔಷಧಿ ಹಾಕಿಸುತ್ತೇನೆಂದು ಮನೆಯಲ್ಲಿ ಸುಳ್ಳು ಹೇಳಿ ಡಾಕ್ಟರ ಹತ್ತಿರ ಒಯ್ದೆ.

ಡಾಕ್ಟರು ಹಾವೇರಿ ಕಡೆಯವರು. ಕಾಲು ಎಳೆದು, ಮಡಚಿ ನೋಡಿ, "ಇದರ ಅಪ್ಪ-ಅವ್ವನ ಕಾಗದ ಅದಾವೇನ್ರಿ?" ಎಂದರು.

"ಕೊಟ್ಟವರ ತಾಯಿಯ ತವರು ದೊಡ್ಮನೆ" ಎಂದೆ. ನಾಲಿಗೆಗೆ ಬಂದದ್ದು ಅದೊಂದೇ.

"ಅವರ ತಾಯಿದು ಬಿಡ್ರಿ. ನಾಯಿದು ಹೇಳ್ರಿ."

ಸೊಂಟದ ಕೀಲು ಸಡಿಲ, ಇದು ವಂಶದಿಂದ ಬರುವಂಥದ್ದು ಎಂದರು. ಕಾಗದವಿದ್ದರೆ ಹಿಂದಿನವು ಯಾವುವು ಎಂದು ತಿಳಿಯುತ್ತದೆ, ಅಪ್ಪ-ಅವ್ವನ ಸೊಂಟದ ಎಕ್ಸ್‌ರೇ ಕೇಳಬಹುದು, ಅದನ್ನೆಲ್ಲ ನೋಡಿಯೇ ಮರಿ ಆರಿಸಬೇಕು ಎಂದರು. ಇನ್ನು ತೂಕ ಏರಬಾರದು, ಜಾರುವ ನೆಲದ ಮೇಲೆ ಓಡಬಾರದು.

ಆವತ್ತೇ ಮರಿ ಕೊಟ್ಟ ಭಾವನಿಗೆ ಫೋನು ಮಾಡಿ ಗಟ್ಟಿಯಾಗಿ ಕೇಳಿದೆ. ಸಂಜೆ ವಾಟ್ಸಾಪಿನಲ್ಲಿ ಎರಡು ಕಾಗದದ ಫೋಟೋ ಬಂದವು, ಮರಿಯ ಅಪ್ಪನದೊಂದು, ಅಮ್ಮನದೊಂದು. ನಾನು ಜಗಲಿಯಲ್ಲಿ ಕೂತು, ನಮ್ಮ ವಂಶಾವಳಿಗೆ ಬಳಸಿದ ಅದೇ ಸ್ಕೇಲು ಹಿಡಿದು ಗೆರೆ ಎಳೆದೆ. ಎಡಕ್ಕೊಂದು, ಬಲಕ್ಕೊಂದು. ಎರಡೂ ಗೆರೆ ಮೇಲೆ ಹೋಗಿ ಒಂದೇ ಹೆಸರಿಗೆ ಮುಟ್ಟಿದವು. ಮರಿಯ ಅಪ್ಪ-ಅಮ್ಮ ಇಬ್ಬರಿಗೂ ಅಪ್ಪ ಒಬ್ಬನೇ. ಗೋತ್ರ ಒಂದೇ ಎಂದು ಮದುವೆ ಮುರಿದವನು ಅಣ್ಣ-ತಂಗಿಯ ಮಗುವನ್ನು ಮನೆಗೆ ತಂದಿದ್ದೆ.

"ಆನು ಎರಡನ್ನೂ ಒಂದೇ ಮನೇಲಿ ತಂದಿದ್ದಿ ಭಾವ" ಎಂದ ಅವನು, ನಾನು ಮತ್ತೆ ಫೋನು ಮಾಡಿದಾಗ. "ಆನೂ ಕಾಗದ ಬಿಚ್ಚಿ ನೋಡಿದ್ನಿಲ್ಲೆ. ಆ ಮನೆಯವ್ವೂ ನಮ್ಮ ಪೈಕಿಯವ್ವೇಯ."

ಬೈಯಬೇಕೆಂದಿದ್ದವನು ಫೋನು ಇಟ್ಟೆ. ಅವನು ಮಾಡಿದ್ದನ್ನೇ ನಾನೂ ಮಾಡಿದ್ದೆ.

ಹೇಳಿಬಿಡೋಣವೆಂದು ಒಳಗೆ ಹೋದೆ. ಹೆಂಡತಿ ಅಡುಗೆಮನೆಯ ಟೈಲ್ಸಿನ ಮೇಲೆ ಗೋಣಿಚೀಲ ಹಾಸುತ್ತಿದ್ದಳು. ಮನೆ ತುಂಬ ಗೋಣಿ ಹಾಸಿ ಎರಡು ತಿಂಗಳಾಗಿತ್ತು. ಬಂದವರ ಎದುರು ಚಂದ ಕಾಣುವುದಿಲ್ಲವೆಂದು ನಾನು ಗೊಣಗಿದ್ದೆ, ಯಾಕೆಂದು ಕೇಳಿರಲಿಲ್ಲ. ಈಗ ಅರ್ಥವಾಯಿತು.

"ಗೊತ್ತಿತ್ತಾ?"

"ಅದೂ ಹಿಂಗೇ ಕುಪ್ಪಳಿಸ್ತಿತ್ತು" ಎಂದಳು, ತವರಿನ ನಾಯಿಯ ಬಗ್ಗೆ. "ಹೇಳಿದ್ರೆ ನಿಂಗ ತಿರುಗಿ ಕೊಡಲೆ ಹೊರಡ್ತಿದ್ರಿ."

ನಾನು ಗೆರೆ ಎಳೆದ ಹಾಳೆ ಮುಂದೆ ಹಿಡಿದೆ. ಅವಳು ತೆಗೆದುಕೊಳ್ಳಲಿಲ್ಲ.

"ಮನೆಗೆ ಬಪ್ಪ ಮೊದ್ಲು ಕಾಗದ ಬೇಕಾಗಿತ್ತು. ಈಗ ಅದನ್ನ ಇಟ್ಕಂಡು ಎಂತ ಮಾಡವು?"

ನನಗೆ ನಾಚಿಕೆಯಾಯಿತು. ಜಗತ್ತಿನಲ್ಲಿ ಅವಳು ಬೇಡವೆಂದಿದ್ದ ಕೆಲಸ ಒಂದೇ, ಅದನ್ನೇ ಭಾವನ ಮನೆಯಲ್ಲಿ ಉಂಡು, ಕಾರಿನಲ್ಲಿ ಕೂರಿಸಿಕೊಂಡು ತಂದಿದ್ದೆ. ಮಲಗಿದ್ದ ನಾಯಿ ನನ್ನನ್ನು ಕಂಡು ಏಳಲು ನೋಡಿತು, ಮೂರನೇ ಸಲಕ್ಕೆ ಎದ್ದು ಬಾಲ ಆಡಿಸುತ್ತ ಬಂತು.

"ಟವೆಲು ಹಿಡಿಯುವ ದಿನ ಬಂದ್ರೆ ಆನು ಹಿಡಿತೆ" ಎಂದೆ.

ಅವಳು ಗೋಣಿಯ ಸುಕ್ಕು ಬಿಡಿಸಿ ನೆಟ್ಟಗೆ ನಿಂತಳು.

"ನಿಂಗಳಿಗೆ ಬತ್ತಿಲ್ಲೆ" ಎಂದಳು. "ಕಲಿಸ್ತೆ."