ಘಡಿ ಮುರಿಯದ ಪತ್ರಿಕೆ

ಗೋಪನಕೊಪ್ಪದಲ್ಲಿ ನಮ್ಮ ಎದುರು ಮನೆಯ ರಮಾಕಾಂತ ಗಲಗಲಿಯವರು ರಷ್ಯನ್ ಬಲ್ಲವರು, ರಷ್ಯಾ ಕಂಡವರಲ್ಲ. ಧಾರವಾಡದ ಕಾಲೇಜೊಂದರ ಸಂಜೆ ತರಗತಿಯಲ್ಲಿ ನಿವೃತ್ತಿಯವರೆಗೂ ಆ ಭಾಷೆ ಕಲಿಸಿದರು. ಅಂಚೆಯಲ್ಲಿ ತಿಂಗಳು ತಡವಾಗಿ ಬರುತ್ತಿದ್ದ ರಷ್ಯನ್ ಪತ್ರಿಕೆಯೇ ಅವರ ಪಠ್ಯ. ಪತ್ರಿಕೆಗಳ ಕುರಿತ ಇಂಗ್ಲಿಷ್ ನುಡಿಗಟ್ಟುಗಳನ್ನು ಕೊಟ್ಟು ರಷ್ಯನ್ನಿಗೆ ತರಿಸುವುದು ಅವರ ಕ್ರಮ: ಮುಖಪುಟದ ಸುದ್ದಿ, ಪತ್ರಿಕೆಗೆ ಚಂದಾ ಕಟ್ಟುವುದು, ಸಂಪಾದಕೀಯದಲ್ಲಿ ಖಂಡಿಸುವುದು. ಅವರ ವಿದ್ಯಾರ್ಥಿಗಳಿಗೆ ರಷ್ಯನ್ನಿನಲ್ಲಿ ಚಹಾ ಕೇಳಲು ಬರುತ್ತಿರಲಿಲ್ಲ. ಖಂಡಿಸಲು ಎಲ್ಲರಿಗೂ ಬರುತ್ತಿತ್ತು.

ಮನೆಯಲ್ಲಿ ಅವರದೊಂದು ನಿಯಮ. ಬೆಳಗಿನ ಪತ್ರಿಕೆಯ ಘಡಿಯನ್ನು, ಅಂದರೆ ಮಡಿಕೆಯನ್ನು, ಅವರೇ ಮೊದಲು ಮುರಿಯಬೇಕು. ಅವರ ಸ್ನಾನ, ಸಂಧ್ಯಾವಂದನೆ ಮುಗಿಯುವವರೆಗೆ ಪತ್ರಿಕೆ ಕಟ್ಟೆಯ ಮೇಲೆ ಮಡಚಿದಂತೆಯೇ ಇರಬೇಕು. ಹೆಂಡತಿ ಅಂಬಾಬಾಯಿಯ ಕೈಗೆ ಅದು ಬರುವಾಗ ಪದಬಂಧ ಕೂಡ ತುಂಬಿರುತ್ತಿತ್ತು.

ಮೊಮ್ಮಗಳು ಋತುಜಾಳಿಗೆ ರಷ್ಯಾದಲ್ಲಿ ವೈದ್ಯಕೀಯ ಸೀಟು ಸಿಕ್ಕಾಗ ಅಜ್ಜ ಹಳೆಯ ಟಿಪ್ಪಣಿಗಳ ಧೂಳು ಕೊಡವಿಟ್ಟರು. ಅವಳು ಹೋಗಿ ಸೇರಿದ್ದು ದುರ್ಗದಬೈಲಿನಲ್ಲಿ ಉಮಾಶ್ರೀ ನಡೆಸುವ ಕ್ಲಾಸಿಗೆ. ಅಮ್ಮಿನಬಾವಿಯ ಹತ್ತಿ ವ್ಯಾಪಾರಿಯ ಮಗಳಾದ ಉಮಾಶ್ರೀ ರಷ್ಯಾದಲ್ಲಿಯೇ ಡಾಕ್ಟರಿಕೆ ಓದಿ ಬಂದವಳು. ಇಲ್ಲಿ ಡಾಕ್ಟರಿಕೆ ಮಾಡಲು ಬೇಕಾದ ಪರೀಕ್ಷೆಗೆ ಓದುತ್ತ ಜೊತೆಗೆ ರಷ್ಯನ್ ಕಲಿಸುತ್ತಿದ್ದಳು.

ರಮಾಕಾಂತರು, ಆಕೆ ನಿಂತು ಕಲಿಸುತ್ತಾಳೋ ಕೂತು ಕಲಿಸುತ್ತಾಳೋ, ಎಷ್ಟು ಮಂದಿ ಬರುತ್ತಾರೆ, ತಪ್ಪಿದರೆ ಬೈಯುತ್ತಾಳೋ ಎಂದು ದಿನಾ ವಿಚಾರಿಸುತ್ತಿದ್ದರು. ಬೈಯುವುದಿಲ್ಲವೆಂದು ತಿಳಿದ ದಿನ ಅವರಿಗೆ ಊಟ ಸೇರಲಿಲ್ಲ.

ಒಂದು ಸಂಜೆ ಉಮಾಶ್ರೀ ಕೊಟ್ಟ ಹಾಳೆ ಅವರ ಕಣ್ಣಿಗೆ ಬಿತ್ತು. ವಿಷಯ ಪತ್ರಿಕೆ, ಅವರು ಕೊಡುತ್ತಿದ್ದವೇ ಇಂಗ್ಲಿಷ್ ನುಡಿಗಟ್ಟುಗಳು, ಎದುರಿಗೆ ಮಾತ್ರ ಅವರು ಕಲಿಸಿದ್ದಕ್ಕಿಂತ ಬೇರೆ ರಷ್ಯನ್. ಎಲ್ಲವೂ ಸರಿಯಿವೆಯೆಂದು ಅವರಿಗೆ ಗೊತ್ತಿತ್ತು. ಆದರೂ ಕೆಂಪು ಪೆನ್ನಿನಿಂದ ಸಾಲುಸಾಲಾಗಿ ತಿದ್ದಿದರು. ಮರುದಿನ ಉಮಾಶ್ರೀ ಆ ಹಾಳೆಯನ್ನು ಝೆರಾಕ್ಸ್ ಮಾಡಿಸಿ ಕ್ಲಾಸಿಗೆಲ್ಲ ಹಂಚಿದಳು. ಸರ್ ಬರೆದದ್ದು ಅಚ್ಚಿನ ಮಾತು, ತನ್ನದು ಬಾಯಿಯ ಮಾತು, ಎರಡೂ ಕಲಿಯಿರಿ ಎಂದಳಂತೆ. ಋತುಜಾ ಸಂತೋಷದಿಂದಲೇ ಇದನ್ನು ಹೇಳಿದಳು.

"ನನ್ನ ಸಾಮಾನು ತನ್ನ ಅಂಗಡ್ಯಾಗ ಇಟ್ಟು ಮಾರ್ಲಿಕ್ಹತ್ಯಾಳ ಆಕಿ," ಎಂದರು ರಮಾಕಾಂತರು.

ಮರುದಿನ ಬೆಳಗ್ಗೆ ಯಾರೂ ನಿರೀಕ್ಷಿಸದ್ದು ನಡೆಯಿತು. ಅವರು ಮಡಚಿದ ಪತ್ರಿಕೆಯನ್ನು ಎತ್ತಿ ಋತುಜಾಳ ಮುಂದೆ ಇಟ್ಟರು. ಘಡಿ ನೀನೇ ಮುರಿ, ಮುಖಪುಟವನ್ನು ರಷ್ಯನ್ನಿನಲ್ಲಿ ಹೇಳು ಎಂದರು. ಉಮಾಶ್ರೀ ಕೊಡಲಾರದ್ದು ಅವರ ಹತ್ತಿರ ಅದೊಂದೇ ಇತ್ತು.

ಅಡುಗೆಮನೆಯ ಬಾಗಿಲಲ್ಲಿ ಅಂಬಾಬಾಯಿ ಸೌಟು ಹಿಡಿದು ನಿಂತಿದ್ದರು. "ನಾ ಈ ಮನೀಗೆ ಬಂದು ಮುದುಕಿ ಆದೆ. ನನಗೊಂದ ದಿನಾ ಕೊಡಲಿಲ್ಲರಿ ನೀವು."

"ನಿನಗ ರಷ್ಯನ್ ಬರ್ತದೇನು?"

"ಕನ್ನಡ ಪೇಪರ್ ಓದ್ಲಿಕ್ಕ ರಷ್ಯನ್ ಯಾಕ ಬೇಕು?"

ಅಂದಿನಿಂದ ಬೆಳಗಿನ ಹೊತ್ತು ಅಜ್ಜನದಾಯಿತು. ಮೊಮ್ಮಗಳು ಸುದ್ದಿಯನ್ನು ರಷ್ಯನ್ನಿಗೆ ತಿರುಗಿಸುತ್ತಿದ್ದಳು, ಅವರು ತಿದ್ದುತ್ತಿದ್ದರು. ಪಾಠ ಅವರದು, ಉಚ್ಚಾರ ಮಾತ್ರ ಉಮಾಶ್ರೀಯದು. ಕೆಲವು ಶಬ್ದಗಳನ್ನು ಎರಡೆರಡು ಸಲ ಹೇಳಿಸುತ್ತಿದ್ದರು. ಅವಳು ಎದ್ದುಹೋದ ಮೇಲೆ ಅದೇ ಶಬ್ದಗಳನ್ನು ಸಣ್ಣ ದನಿಯಲ್ಲಿ ತಾವೇ ಹೇಳಿ ನೋಡುವುದು ನಮ್ಮ ಅಂಗಳಕ್ಕೆ ಕೇಳಿಸುತ್ತಿತ್ತು. ಅವರ ನಾಲಗೆಗೆ ಅವು ಹತ್ತಲಿಲ್ಲ.

ಹೊರಡುವ ದಿನ ಋತುಜಾ ಕಾಲಿಗೆ ಬಿದ್ದಾಗ ಅವರು ಆಶೀರ್ವಾದಕ್ಕಿಂತ ಮೊದಲು ಪ್ರಶ್ನೆ ಕೇಳಿದರು. "ಅಲ್ಲೆ ಯಾರರೆ, ರಷ್ಯನ್ ಯಾರ ಹತ್ರ ಕಲತಿ ಅಂತ ಕೇಳಿದ್ರ?"

"ಓದೂದು ನಿಮ್ಮ ಹತ್ರ, ಮಾತಾಡೂದು ಉಮಕ್ಕನ ಹತ್ರ ಅಂತೇನಿ."

"ಯಾರ ಹೆಸರು ಮೊದಲ?"

"ನಿಮ್ಮದ ಅಜ್ಜಾ. ಈಗ ಹೇಳಲಿಲ್ಲೇನು?"

ಅವರ ಮುಖ ಅರಳಿತು. ಅಷ್ಟರಲ್ಲಿ ಅವಳು ಗಡಿಯಾರ ನೋಡಿ, ದಾರಿಯಲ್ಲಿ ದುರ್ಗದಬೈಲಿಗೆ ಹೋಗಿ ಉಮಕ್ಕನಿಗೂ ನಮಸ್ಕಾರ ಮಾಡಬೇಕು, ಲಗೂ ನಡೆಯಿರಿ ಎಂದು ಅಪ್ಪನನ್ನು ಅವಸರಿಸಿದಳು. ಅರಳಿದ ಮುಖ ಹಾಗೆಯೇ ಮುಚ್ಚಿಕೊಂಡಿತು.

ಮರುದಿನ ಸಂಧ್ಯಾವಂದನೆ ಮುಗಿಸಿ ಬಂದಾಗ ಕಟ್ಟೆಯ ಮೇಲೆ ಪತ್ರಿಕೆ ಇರಲಿಲ್ಲ. ಅಂಬಾಬಾಯಿ ಕನ್ನಡಕ ಹಾಕಿಕೊಂಡು, ಹಾಳೆಗಳನ್ನು ಪೂರಾ ಬಿಡಿಸಿ, ಓದುತ್ತ ಕೂತಿದ್ದರು. ಮೊಮ್ಮಗಳಿಗಾಗಿ ಒಮ್ಮೆ ಮುರಿದ ನಿಯಮ ಘಡಿಯಂತೆಯೇ ಮತ್ತೆ ಕೂಡುವುದಿಲ್ಲವೆಂದು ಆಕೆ ಮೊದಲೇ ಲೆಕ್ಕ ಹಾಕಿದ್ದರು. ರಮಾಕಾಂತರು, ಆಯಿತೇನು ಎಂದು ಕೇಳಿದರು.

"ಇನ್ನ ಮುಖಪುಟದಾಗ ಇದ್ದೇನಿ. ಕೂಡ್ರಿ," ಎಂದರು ಆಕೆ.

ಅವರು ಕೂತರು.