ಸಂಜೆಯ ರೈಲಿಗೆ ಕಾದ ಬಸ್ಸು

ಗೋವೆಯ ಕುಡಚಡೆ ಸ್ಟೇಶನ್ನಿನ ಹೊರಗೆ ನಿಲ್ಲುತ್ತಿದ್ದ ಆ ಖಾಸಗಿ ಬಸ್ಸನ್ನು ಬೈದಷ್ಟು ನಾನು ನನ್ನ ಗಂಡನನ್ನೂ ಬೈದಿಲ್ಲ. ಆಗ ನಾನು ದಾಬೋಲಿಮ್‌ನಲ್ಲಿ ಕಟ್ಟಡ ಕೆಲಸದವರ ಕ್ಯಾಂಟೀನಿನಲ್ಲಿ ರೊಟ್ಟಿ ಬಡಿಯುತ್ತಿದ್ದೆ. ನಮ್ಮ ವಸ್ತಿ ಇದ್ದದ್ದು ಕುಡಚಡೆಯಿಂದ ಒಳಗೆ, ಅದಿರು ಲಾರಿಗಳ ರಸ್ತೆಯಲ್ಲಿ. ಮುಂಜಾನೆ ಆ ಬಸ್ಸು, ಆಮೇಲೆ ಪ್ಯಾಸೆಂಜರ್ ರೈಲು, ಹೋಗುವಾಗ ತೊಂದರೆಯಿರಲಿಲ್ಲ. ಸಂಜೆ ಮಾತ್ರ ರೈಲು ಹತ್ತು ನಿಮಿಷ ತಡವಾದರೆ ಮುಗಿಯಿತು, ನಾವು ಓಡಿ ಹೊರಗೆ ಬರುವಷ್ಟರಲ್ಲಿ ಕೊನೆಯ ಬಸ್ಸು ಹೊರಟೇ ಹೋಗಿರುತ್ತಿತ್ತು.

ಮನೆಯಲ್ಲಿ ನಾಲ್ಕು ವರ್ಷದ ಮಗಳು. ಪಕ್ಕದ ಮನೆಯಾಕೆ ನೋಡಿಕೊಳ್ಳುತ್ತಿದ್ದಳು, ಆದರೆ ದೀಪ ಹಚ್ಚುವ ಹೊತ್ತಿಗೆ ಆಕೆ ಹೋಟೆಲಿನ ಪಾತ್ರೆ ತಿಕ್ಕಲು ಹೋಗಬೇಕು, ಗಂಡ ಕೆಲಸದಿಂದ ಬರುವುದು ಅದಕ್ಕೂ ತಡ. ಬಸ್ಸು ತಪ್ಪಿದ ಒಂದು ಸಂಜೆ ನಾನು ನಡೆದು ಮನೆ ಮುಟ್ಟಿದಾಗ ಕೂಸು ಹೊಸ್ತಿಲ ಮೇಲೆ ಒಂದೇ ಕೂತು ಅಳುತ್ತಿತ್ತು. ಗಂಡ ಕೂಗಾಡಲಿಲ್ಲ. “ಇನ್ನೊಮ್ಮೆ ಹಿಂಗಾದ್ರ ಕೆಲಸ ಬಿಟ್ಟಬಿಡು” ಅಂದ, ಅಷ್ಟೇ. ಅವನ ಮಾತು ತಪ್ಪೇನಲ್ಲ. ಆದರೂ ಬಿಡಲು ನನಗೆ ಮನಸ್ಸಿರಲಿಲ್ಲ. ನನ್ನದು ಅಂತ ನಾನು ಹೇಳಿಕೊಂಡ ಮೊದಲ ಕೆಲಸ ಅದು.

ಅದೇ ದಾರಿಯ ಐದಾರು ಹೆಂಗಸರು ಸೇರಿ ಸಂಜೆ ದಾಬೋಲಿಮ್‌ನಿಂದ ವಸ್ತಿಗೆ ಒಂದು ಹಳೆಯ ವ್ಯಾನು ಗೊತ್ತು ಮಾಡಿದೆವು. ಅಯ್ಯೋ, ಅದರ ಕತೆ ಬೇಡ! ಸಾಲುಗಟ್ಟಿದ ಲಾರಿಗಳ ಹಿಂದೆ ಕೆಂಪು ಧೂಳು ಕುಡಿಯುತ್ತ ನಿಂತು, ರೈಲಿಗಿಂತ ತಡವಾಗಿ ಮನೆ ಸೇರುತ್ತಿದ್ದೆವು.

ಕೊನೆಗೆ ಒಂದು ಮುಂಜಾನೆ, ಸಿಟ್ಟು ತಲೆಗೇರಿ, ಬಸ್ಸಿಳಿಯುವಾಗ ನನ್ನ ಟವೆಲ್ಲನ್ನು ಸೀಟಿನ ಸರಳಿಗೆ ಕಟ್ಟಿಬಿಟ್ಟೆ. ನಮ್ಮ ಊರ ಕಡೆ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ಲು ಒಗೆದರೆ ಆ ಸೀಟು ನಮ್ಮದು. ಅದನ್ನು ಸರಿಸಿ ಕೂತವನಿಗೆ ಜಗಳ ತಪ್ಪಿದ್ದಲ್ಲ. ಬಸ್ಸಿನ ಕಂಡಕ್ಟರ್ ಹೊಟ್ಟೆ ಬಂದ ಗೋವೆಯವನು. ನಮ್ಮವರ ಜೊತೆ ಓಡಾಡಿ ಓಡಾಡಿ ನಮ್ಮ ಮಾತು ಕಲಿತಿದ್ದ.

“ಅಕ್ಕಾ, ಟವೆಲ್ ಬಿಟ್ರಿ!”

“ಬಿಟ್ಟಿಲ್ರಿ, ಸೀಟ್ ಹಿಡದೇನಿ. ಸಂಜೀಕ ಬರ್ತೇನಿ.”

“ಅಲ್ಲೀತನಕ ಮಂದಿ ನಿಂತ್ಕೊಂಡ ಹೋಗ್ಬೇಕೇನು?”

“ಮಂದಿ ಕುಂಡ್ರಲಿ. ಟವೆಲ್ ಬಿಚ್ಚಬ್ಯಾಡ್ರಿ. ಅದು ಇರೂತನಕ ನಾ ಬಂದಿಲ್ಲ ಅಂತ ತಿಳೀರಿ.”

ಆತ ಬಿದ್ದು ಬಿದ್ದು ನಕ್ಕ. ಆದರೆ ಆ ಸಂಜೆ ರೈಲು ತಡವಾಗಿ ಬಂದಾಗ ಬಸ್ಸು ನಿಂತಿತ್ತು! ಮರುದಿನ ಉಳಿದ ಹೆಂಗಸರೂ ಕಟ್ಟಿದರು. ಕಂಡಕ್ಟರ್ ಸಂಜೆ ಸರಳಿನತ್ತ ನೋಡುವುದು, ಇನ್ನೂ ಯಾರದು ಉಳಿದಿದೆ ಅಂತ ಡ್ರೈವರಿಗೆ ಹೇಳುವುದು, ಇದೇ ರೂಢಿಯಾಯಿತು. ವ್ಯಾನಿನವನಿಗೆ ದೂರದಿಂದಲೇ ಕೈ ಮುಗಿದೆವು. ಕಾರಿಲ್ಲದೆ ಕದಲದ ಕಟ್ಟಡ ಕೆಲಸದ ಮೇಸ್ತ್ರಿಯೂ ಒಂದು ದಿನ ಸುಮ್ಮನೆ ಬಂದು ಕರ್ಚೀಫು ಕಟ್ಟಿದ. ನಾವು ಅವನನ್ನು ಕಾಡಿಸದೆ ಬಿಡಲಿಲ್ಲ.

ಆ ಮಳೆಗಾಲದಲ್ಲಿ, ಉಳಿದ ಹೆಂಗಸರು ಕೆಲಸಕ್ಕೆ ಬಾರದ ಒಂದು ದಿನ, ಸಂಜೆಯ ರೈಲು ದಾರಿಯಲ್ಲೇ ಒಂದು ತಾಸಿಗೂ ಹೆಚ್ಚು ನಿಂತಿತು. ಅಷ್ಟು ಹೊತ್ತು ಯಾವ ಬಸ್ಸು ಕಾಯುತ್ತದೆ? ಕೂಸು ಹೊಸ್ತಿಲ ಮೇಲಿದೆ, ನನ್ನ ಕೆಲಸ ಇವತ್ತಿಗೆ ಮುಗಿಯಿತು ಅಂದುಕೊಂಡು ಕುಡಚಡೆಯಲ್ಲಿ ಇಳಿದೆ. ಬಸ್ಸಿರಲಿಲ್ಲ. ಮಳೆಯಲ್ಲೇ ನಡೆಯಲು ಹೊರಟವಳ ಎದುರಿಗೆ ಅದೇ ಬಸ್ಸು ವಾಪಸು ಬಂದು ನಿಂತಿತು. ಒಳಗೆ ಡ್ರೈವರ್, ಕಂಡಕ್ಟರ್, ಮತ್ತೆ ಕಿಟಕಿ ಹತ್ತಿರ ಬಿಸ್ಕೀಟು ತಿನ್ನುತ್ತ ನನ್ನ ಮಗಳು.

“ಮಂದಿ ಬೈಯಾಕತ್ರು, ಹೋಗಿ ಇಳಿಸಿ ಬಂದ್ವಿ ಅಕ್ಕಾ. ನಿಮ್ಮ ಟವೆಲ್ ಇನ್ನೂ ಸರಳಿಗೇ ಇತ್ತಲ್ಲ. ನಿಮ್ಮ ಬಾಜೂ ಮನಿಯಾಕಿ ಕೂಸಿನ್ನ ಹಿಡ್ಕೊಂಡ ಸ್ಟಾಪಿನ್ಯಾಗ ನಿಂತಿದ್ಲು. ಆಕೀಗೂ ಕೆಲಸಕ್ಕ ಹೊತ್ತಾಗಿತ್ತು. ಅದಕ್ಕ ಇಲ್ಲೇ ಕರ್ಕೊಂಡ ಬಂದ್ವಿ.”

ಯಾರಿಗೂ ಬಗ್ಗದ ನಾನು ಆ ಹೊತ್ತು ಮಗಳನ್ನು ಅಪ್ಪಿಕೊಂಡು ಅತ್ತುಬಿಟ್ಟೆ. ಅವರ ಟ್ರಿಪ್ಪು ಮುಗಿದಿತ್ತು. ಮನೆಗೆ ಹೋಗಬಹುದಿತ್ತು. ಅವರ ಆ ಋಣ ನಾನು ಇನ್ನೂ ಹೊತ್ತಿದ್ದೇನೆ, ಹೊತ್ತಿರುವುದೇ ನನಗೆ ಸಂತೋಷ.

ವಸ್ತಿಯ ಸ್ಟಾಪಿನಲ್ಲಿ ಗಂಡ ತೊಯ್ದು ತೊಪ್ಪೆಯಾಗಿ ನಿಂತಿದ್ದ. ಕಂಡಕ್ಟರ್ ನಡೆದದ್ದನ್ನೆಲ್ಲ ಹೇಳಿದ. ಗಂಡ ಮಗಳನ್ನು ಎತ್ತಿಕೊಂಡ. ಕೆಲಸ ಬಿಡು ಅನ್ನುವ ಮಾತು ಈಗ ಬಂತು, ಈಗ ಬಂತು ಅಂತ ನಾನು ತಲೆ ತಗ್ಗಿಸಿ ಕಾದೆ.

“ನಾಳೆ ಮುಂಜಾನೀನೂ ಇಲ್ಲಿ ಒಂದೀಟ ಕಾಯ್ರಿ ಅಣ್ಣಾರ” ಅಂದ ಅವನು ಕಂಡಕ್ಟರಿಗೆ, “ಈಕಿ ಕೆಲಸಕ್ಕ ಬರ್ತಾಳ.”