ಯಮುನವ್ವನವರು ಆರಿಸಿದ ಕೆಂಪು ದೀಪ

ಇಚಲಕರಂಜಿಯ ಮಗ್ಗದ ಓಣಿಗಳಲ್ಲಿ ಕಳೆದ ಹದಿಮೂರು ವರ್ಷಗಳಲ್ಲಿ ಹುಟ್ಟಿದ ಎಷ್ಟೋ ಮಕ್ಕಳ ಮೊದಲ ಅಳುವನ್ನು ಕೇಳಿದವರು ಶ್ರೀಮತಿ ಯಮುನವ್ವನವರು. ಸೂಲಗಿತ್ತಿಯ ಕೈಗುಣವನ್ನೂ ಆಸ್ಪತ್ರೆಯ ಶುಚಿತ್ವವನ್ನೂ ಒಂದೇ ಚೀಲದಲ್ಲಿ ಹೊತ್ತು ನಡೆದ ದಾದಿಯರಲ್ಲಿ ಅವರದು ಮುಂದಿನ ಸಾಲು. ೧೯೬೯ರ ಈ ವರ್ಷ ಅವರು ನಿವೃತ್ತರಾಗುತ್ತಿರುವಾಗ ಅವರ ಹೆರಿಗೆಕೋಣೆಯ ಸೇವೆಯನ್ನು ವೈದ್ಯರು ಬರೆಯಲಿ. ಒಂದು ಮೋಟಾರಿನ ಹಿಂಬದಿಯ ದೀಪದ ಸಂಗತಿಯನ್ನು ಇಲ್ಲಿ ಹೇಳಬೇಕಾಗಿದೆ.

೧೯೫೬ರಲ್ಲಿ ಅವರು ಗಡಹಿಂಗ್ಲಜದಿಂದ ಇಲ್ಲಿಯ ಹೆರಿಗೆ ಆಸ್ಪತ್ರೆಗೆ ಬಂದಾಗ, ಅದರ ಮಂಡಳಿಯ ಅಧ್ಯಕ್ಷರಾದ ಬಾಳಾಸಾಹೇಬರು ದಾನ ಕೊಟ್ಟ ಹಳೆಯ ಮೋಟಾರೊಂದು ಅಂಗಳದಲ್ಲಿತ್ತು. ಅದಕ್ಕೆ ಸಾತಪ್ಪನೆಂಬ ಚಾಲಕನಿದ್ದ. ಕೊಲ್ಲಾಪುರದಲ್ಲಿ ಕುಸ್ತಿ ಇದ್ದ ದಿನ ಮೋಟಾರು ಇರುತ್ತಿತ್ತು, ಸಾತಪ್ಪ ಇರುತ್ತಿರಲಿಲ್ಲ. ಅಂಥದೊಂದು ದಿನ ಹುಪರಿಯ ಬೆಳ್ಳಿ ಕೆಲಸದ ಮನೆಯ ಸೊಸೆಯೊಬ್ಬಳು ಕಾದು ಕಾದು ಎತ್ತಿನಗಾಡಿಯಲ್ಲೇ ಹೆತ್ತಳು. ತಾಯಿ, ಕೂಸು ಇಬ್ಬರೂ ಉಳಿದರು. ಆದರೆ ಚೀಲ ಹಿಡಿದು ಅಂಗಳದಲ್ಲಿ ಸುಮ್ಮನೆ ನಿಂತ ಆ ಎರಡು ತಾಸು ಯಮುನವ್ವನವರ ಎದೆಯಿಂದ ಇಳಿಯಲಿಲ್ಲ. ತಾವೇ ಮೋಟಾರು ಕಲಿಯುವುದಾಗಿ ಅವರು ಮಂಡಳಿಗೆ ಅರ್ಜಿ ಕೊಟ್ಟರು. ಮಂಡಳಿ ನಕ್ಕಿತು, ನಕ್ಕ ಮೇಲೆ ಒಪ್ಪಿತು. ಷರತ್ತು ಇಷ್ಟೇ: ಪರವಾನಗಿಯ ಪರೀಕ್ಷೆಗೆ ಹೋಗುವುದು ಒಂದೇ ಸಲ. ಪಾಸಾದರೆ ಕೀಲಿಕೈ ಅವರದು, ಇಲ್ಲವಾದರೆ ಈ ಮಾತನ್ನು ಮತ್ತೆ ಎತ್ತುವಂತಿಲ್ಲ. ಅವರಿಗೆ ಕಲಿಸಿದವನು ಸಾತಪ್ಪನೇ. ಈ ಹೆಂಗಸು ಪಾಸಾಗುವುದಿಲ್ಲವೆಂಬ ಭರವಸೆಯಿಂದ ಅವನು ಬಹಳ ಚೆನ್ನಾಗಿ ಕಲಿಸಿದ.

೧೯೬೧ರ ದಸರೆಯಾದ ಮೂರನೆಯ ದಿನಕ್ಕೆ ಪರೀಕ್ಷೆ ಗೊತ್ತಾಯಿತು. ಖಂಡೇನವಮಿಯಂದು ಆಸ್ಪತ್ರೆಯಲ್ಲಿ ಕತ್ತರಿ, ತಕ್ಕಡಿ, ಸ್ಟೋವುಗಳ ಜೊತೆಗೆ ಮೋಟಾರಿಗೂ ಪೂಜೆಯಾಯಿತು. ಮರುದಿನದಿಂದ ಅದರ ಹಿಂಬದಿಯ ಬ್ರೇಕ್ ದೀಪ ಆರಲೇ ಇಲ್ಲ. ಪೆಡಲು ಒತ್ತಿದರೂ ಉರಿಯುತ್ತಿತ್ತು, ಬಿಟ್ಟರೂ ಉರಿಯುತ್ತಿತ್ತು. ಬೆಳಗಾಗುವಷ್ಟರಲ್ಲಿ ಬ್ಯಾಟರಿ ಸತ್ತಿರುತ್ತಿತ್ತು. ಒತ್ತಿದಾಗ ಹತ್ತಿ, ಬಿಟ್ಟಾಗ ಆರದ ದೀಪವನ್ನು ಪರೀಕ್ಷೆ ಮಾಡುವ ಕೊಲ್ಲಾಪುರದ ಅಧಿಕಾರಿ ಒಪ್ಪುವಂತಿರಲಿಲ್ಲ. ಸಾತಪ್ಪ ಬಲ್ಬು ಬದಲಿಸಿದ. ಹೊಸ ಬಲ್ಬು ಇನ್ನೂ ಚೆನ್ನಾಗಿ ಉರಿಯಿತು.

"ಗಾಡಿಗೆ ನಿಮ್ಮ ಕೈ ಒಗ್ಗಿಲ್ರಿ ಬಾಯಾರ," ಎಂದ ಅವನು, ದುಃಖವನ್ನು ಮುಖಕ್ಕೆ ತಂದುಕೊಂಡು. "ಗಾಡಿನೂ ಗಂಡಸ ಐತಿ ನೋಡ್ರಿ."

"ಗಂಡಸಾದ್ರ ಬ್ಯಾನಿ ಎಲ್ಲೈತಿ ಅಂತ ಖರೆ ಹೇಳೂದಿಲ್ಲ. ಬಾಜೂಕ ಸರಿ, ನಾನ ಹುಡಕ್ತೇನಿ."

ಹೊಟ್ಟೆ ಮುಟ್ಟಿ ಕೂಸಿನ ತಲೆ ಎಲ್ಲಿದೆಯೆಂದು ತಿಳಿಯುವ ಶಾಂತಿಯಿಂದಲೇ ಅವರು ದೀಪದಿಂದ ತಂತಿ ಹಿಡಿದು ಮುಂದಕ್ಕೆ ಸರಿದರು. ಪೆಡಲಿನ ಬಳಿಯ ಸ್ವಿಚ್ಚಿನಿಂದ ತಂತಿ ಕಳಚಿದೊಡನೆ ದೀಪ ಆರಿತು. ತಂತಿ ಸರಿಯಾಗಿದೆ, ರೋಗ ಸ್ವಿಚ್ಚಿನಲ್ಲಿದೆ ಎಂದಾಯಿತು. ಸೀರೆಗೆ ಕಚ್ಚೆ ಬಿಗಿದು ಮೋಟಾರಿನ ಕೆಳಗೆ ಹೋಗಿ ಮಲಗಿ ನೋಡಿದರೆ, ಸ್ವಿಚ್ಚನ್ನು ಎಳೆಯುವ ಸಣ್ಣ ಸ್ಪ್ರಿಂಗಿಗೆ ಅರಿಷಿಣದ ದಾರ ಏಳು ಸುತ್ತು ಬಿಗಿದಿತ್ತು. ದಾರದ ಎಳೆತಕ್ಕೆ ಸ್ವಿಚ್ಚು, ಯಾರೋ ಪೆಡಲು ಒತ್ತಿ ಹಿಡಿದಿದ್ದಾರೆಂದು ನಂಬಿ ಕೂತಿತ್ತು.

ಕಟ್ಟಿದವಳು ಆಸ್ಪತ್ರೆಯ ಆಯಾ ಕಲ್ಲವ್ವ. ಅವಳ ಗಂಡನ ಮಗ್ಗದ ಕಾರಖಾನೆಯಲ್ಲಿ ನವಮಿಯಂದು ಅಲುಗಾಡುವ ಪ್ರತಿಯೊಂದು ಭಾಗಕ್ಕೂ ದಾರ ಕಟ್ಟುವ ಪದ್ಧತಿ.

"ಬ್ರೇಕ್ ಗಟ್ಟಿ ಹಿಡೀಲಿ, ನೀವು ಪಾಸಾಗ್ರಿ ಅಂತ ಬೇಡಕೊಂಡು ಕಟ್ಟೇನ್ರಿ," ಎಂದು ಕಲ್ಲವ್ವ ಕಣ್ಣೀರು ತಂದಳು. "ಕಡದ್ರ ಕೆಟ್ಟ ಆಗತೈತ್ರಿ ಬಾಯಾರ."

ಯಮುನವ್ವನವರಿಗೆ ಸಿಟ್ಟು ಬರಲಿಲ್ಲ. ತಮಗಾಗಿ ಯಾರಾದರೂ ದೇವರನ್ನು ಬೇಡಿಕೊಂಡು ಎಷ್ಟು ವರ್ಷವಾಗಿತ್ತೋ ಅವರಿಗೇ ನೆನಪಿರಲಿಲ್ಲ. ಮೋಟಾರಿನ ಕೆಳಗೆ ಮಲಗಿದಲ್ಲಿಂದಲೇ ಕೇಳಿದರು: "ದಿನಾ ಕೂಸಿನ ಹೊಕ್ಕಳ ಹುರಿ ಕಡೀತೇನಲ್ಲ ಕಲ್ಲವ್ವ, ಅದರಿಂದ ತಾಯಿಗೆ ಕೆಟ್ಟ ಆಗೇತೇನ?"

ಕಲ್ಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹಂಗಾದ್ರ ಕತ್ತರಿ ಕುದಿಸಿ ತರ್ತೇನ್ರಿ."

ಯಮುನವ್ವನವರೇ ಕಲಿಸಿದ ನಿಯಮದಂತೆ ಗಡಿಯಾರ ನೋಡಿ ಇಪ್ಪತ್ತು ನಿಮಿಷ ಕುದಿಸಿ, ಚಿಮಟಿಗೆಯಲ್ಲಿ ಹಿಡಿದು ತಂದು ಕೊಟ್ಟಳು. ಅಷ್ಟು ಹೊತ್ತೂ ಅವರು ಕೆಳಗೇ ಕಾದರು. ದಾರ ತುಂಡಾಯಿತು, ಕಳಚಿದ ತಂತಿ ಮತ್ತೆ ಸ್ವಿಚ್ಚು ಸೇರಿತು, ದೀಪ ಆರಿಯೇ ಇತ್ತು. ಸಾತಪ್ಪ ಪೆಡಲು ಒತ್ತಿದ, ಹತ್ತಿತು. ಬಿಟ್ಟ, ಆರಿತು. ಅವನು ಇನ್ನೂ ನಾಲ್ಕು ಸಲ ಒತ್ತಿ ನೋಡಿದ. ಅವನ ಆಸೆ ಕೈಗೂಡಲಿಲ್ಲ.

ಕೊಲ್ಲಾಪುರದಲ್ಲಿ ಯಮುನವ್ವನವರು ಪಾಸಾದರು. ಹಿಂದಿರುಗುವಾಗ ಹಿಂದಿನ ಸೀಟಿನಲ್ಲಿ ಕೂತ ಸಾತಪ್ಪ ದಾರಿಯುದ್ದಕ್ಕೂ ಬ್ರೇಕೆಂಬಂತೆ ಬರಿಯ ನೆಲವನ್ನು ಕಾಲಿನಿಂದ ಒತ್ತುತ್ತಿದ್ದುದು, ಅವನ ಭುಜದ ಅಲುಗಾಟದಿಂದ ಅವರಿಗೆ ಕನ್ನಡಿಯಲ್ಲೇ ಗೊತ್ತಾಯಿತು. ಐದು ವರ್ಷ ಅದೇ ಜಾಗದಲ್ಲಿ ಕೂತು ತಾವೂ ಹಾಗೆಯೇ ಒತ್ತುತ್ತಿದ್ದುದು ಆಗ ತಿಳಿದು, ಮೋಟಾರನ್ನು ತುಸು ನಿಧಾನ ಮಾಡಿದರು. ಆಮೇಲಿನ ಎಂಟು ವರ್ಷ ಯಾವ ಬಸುರಿಯೂ ಕುಸ್ತಿ ಮುಗಿಯಲೆಂದು ಕಾಯಲಿಲ್ಲ.

ಹೋದ ತಿಂಗಳು ಅವರು ಪರವಾನಗಿಯನ್ನು ಹೊಸದು ಮಾಡಿಸಲು ಹೋದಾಗ, ನಿವೃತ್ತಿಯಾಗುತ್ತಿರುವವರಿಗೆ ಇದೇಕೆಂದು ಗುಮಾಸ್ತ ಕೇಳಿದನಂತೆ. "ಹೊಟ್ಟ್ಯಾಗಿನ ಕೂಸಿಗೆ ನಾ ರಿಟಾಯರ್ ಆಗೂದು ಯಾರು ಹೇಳ್ಯಾರ್ರಿ?" ಎಂದರಂತೆ ಇವರು. ಆ ಸುದ್ದಿ ಕೂಸುಗಳ ಕಿವಿಗೆ ಎಂದೂ ಮುಟ್ಟದಿರಲಿ. ಯಮುನವ್ವನವರು ನೂರು ವರ್ಷ ನಮ್ಮ ರಸ್ತೆಗಳ ಮೇಲಿರಲಿ.